ಗಂಜಿ ಮನೆಗೆ ಕೊಟ್ಟ ಮೂರು ಪಂಪುಗಳು

ಕಳೆದ ವಾರ ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಯಾರೋ ಹುಣಸೆ ಬೀಜ ಹುರಿಯುತ್ತಿದ್ದರು. ಆ ವಾಸನೆ ನಿಮಗೂ ಗೊತ್ತಿರಬಹುದು. ಮೊದಲು ಹುರಿಗಡಲೆ ಅನ್ನಿಸುತ್ತದೆ, ಒಂದು ಗಳಿಗೆ ಕಾಫಿ ಬೀಜ ಅನ್ನಿಸುತ್ತದೆ, ಕೊನೆಗೆ ಬರೀ ಸುಟ್ಟ ವಾಸನೆ. ಹೆಂಡತಿ ಎದ್ದು ಕಿಟಕಿ ಮುಚ್ಚಿದಳು. ನಾನು ಹೋಗಿ ತೆರೆದೆ. ಅವಳು ಮತ್ತೆ ಮುಚ್ಚಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಕಿಟಕಿಯ ಚರ್ಚೆ ಇದಕ್ಕಿಂತ ಮುಂದೆ ಹೋದದ್ದಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತೆ.

ಹುಣಸೆ ಬೀಜದ ವಾಸನೆಗೆ ಒಬ್ಬ ಗಂಡಸು ಮನೆ ಬಿಟ್ಟು ಹೊರಗೆ ಬಂದು ಕೂರುವುದೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಮೊದಲು ನನ್ನ ಕಸುಬು ಹೇಳಬೇಕು.

ನಾನು ಪಂಪು ಮಾರುವವನು. ಈಗಲೂ ವಾರಕ್ಕೆ ಮೂರು ದಿನ ಅಂಗಡಿಗೆ ಹೋಗುತ್ತೇನೆ. ಉಳಿದ ದಿನ ಮಾಲೀಕರ ಮಗ ನೋಡಿಕೊಳ್ಳುತ್ತಾನೆ. ನನ್ನ ಮದುವೆಯ ಮಾತು ನಡೆಯುವಾಗ ನಮ್ಮವರು ‘ಹುಡುಗ ಪಂಪಿನಲ್ಲಿದ್ದಾನೆ’ ಎಂದಿದ್ದರು. ಮಾವನವರು ಅದನ್ನು ಪೆಟ್ರೋಲ್ ಪಂಪು ಎಂದು ತಿಳಿದುಕೊಂಡರು. ಸರಿಯಾದ ಸಂಗತಿ ತಿಳಿಯುವ ಹೊತ್ತಿಗೆ ಧಾರೆ ಆಗಿಹೋಗಿತ್ತು. ಆಮೇಲೆ ಅವರು ನನ್ನನ್ನು ಯಾರಿಗಾದರೂ ಪರಿಚಯ ಮಾಡುವಾಗ ‘ನೀರಿನ ಪಂಪು’ ಎಂದು ನೀರನ್ನು ಒತ್ತಿ ಹೇಳುತ್ತಿದ್ದರು.

ನೀರಿನ ಪಂಪೇ ನಿಜ. ನಮ್ಮ ಸೀಮೆಯಲ್ಲಿ ಪಂಪು ಎಂದರೆ ಬೋರ್‌ವೆಲ್ಲು. ಅಂಗಡಿಯ ಕೌಂಟರಿನ ಹಿಂದೆ ನಿಂತವನು ಕೇಳಬೇಕಾದ ಪ್ರಶ್ನೆ ಒಂದೇ: ‘ಎಷ್ಟು ಅಡಿ?’ ಪರಶುರಾಂಪುರದ ಕಡೆಯಿಂದ ಬಂದವರು ತಮ್ಮ ಬೋರಿನ ಆಳವನ್ನು ಮಗಳು ತೆಗೆದ ಅಂಕ ಹೇಳಿದಂತೆ ಹೇಳುತ್ತಾರೆ. ಅಡಿ ಕೇಳಿದರೆ ಕುದುರೆ ಗೊತ್ತಾಗುತ್ತದೆ. ಕುದುರೆ ಎಂದರೆ ಎಚ್‌ಪಿ. ಕುದುರೆ ಗೊತ್ತಾದರೆ ಪಂಪು ಗೊತ್ತಾಗುತ್ತದೆ. ಹೀಗೆ ಹದಿನೆಂಟು ವರ್ಷ ಒಂದೇ ಪ್ರಶ್ನೆ ಕೇಳಿಕೊಂಡು, ನನಗೆ ಪಂಪು ಗೊತ್ತು ಎಂದು ನಂಬಿಕೊಂಡಿದ್ದೆ. ನೀರು ಒಳ್ಳೆಯ ಸ್ವಭಾವದ್ದು, ಯಾವ ಪಂಪು ಕೊಟ್ಟರೂ ಹೊಂದಿಕೊಂಡು ಹೋಗುತ್ತದೆ. ಹದಿನೆಂಟು ವರ್ಷ ನನ್ನ ಜಾಣತನವನ್ನು ನಡೆಸಿಕೊಂಡು ಹೋದದ್ದು ಆ ನೀರೇ ಎಂದು ನನಗೆ ಗೊತ್ತಿರಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಓಬಕ್ಕ ಅಂಗಡಿಗೆ ಬಂದಳು. ನಲವತ್ತರ ಆಸುಪಾಸಿನ, ಗಟ್ಟಿ ಹೆಜ್ಜೆಯ ಹೆಂಗಸು. ಮೊಳಕಾಲ್ಮುರಿನ ದಾರಿಯಲ್ಲಿರುವ ಒಂದು ಹಳ್ಳಿಯವಳು. ಅವಳ ಕಡೆಯವರಿಗೆ ಹಿಂದೆ ಕುರಿ, ಈಗ ಸ್ವಲ್ಪ ಕುರಿ, ಸ್ವಲ್ಪ ಹೊಲ, ಜೊತೆಗೆ ಕಂಬಳಿ ನೇಯ್ಗೆ. ಉಣ್ಣೆಯ ಎಳೆಯನ್ನು ಹಾಗೆಯೇ ಮಗ್ಗಕ್ಕೆ ಏರಿಸಿದರೆ ಹರಿದುಹೋಗುತ್ತದೆ. ಅದಕ್ಕೆ ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ಮೊದಲು ಮನೆಮನೆಯಲ್ಲೂ ಗಂಜಿ ಕಾಯಿಸುತ್ತಿದ್ದರು. ಓಬಕ್ಕ ಮತ್ತು ಏಳು ಮಂದಿ ಹೆಂಗಸರು ಸೇರಿ ಒಂದು ಶೆಡ್ಡಿನಲ್ಲಿ ದೊಡ್ಡ ಕೊಪ್ಪರಿಗೆ ಹೂಡಿ, ಸುತ್ತಲಿನ ಊರುಗಳ ನೇಕಾರರಿಗೆಲ್ಲ ತಾವೇ ಗಂಜಿ ಕಾಯಿಸಿ ಡ್ರಮ್ಮುಗಳಲ್ಲಿ ಕಳಿಸಲು ಆರಂಭಿಸಿದ್ದರು. ಜನ ಅದನ್ನು ಗಂಜಿ ಮನೆ ಎಂದು ಕರೆಯುತ್ತಿದ್ದರು.

ತೊಂದರೆ ಇದ್ದದ್ದು ಕೊಪ್ಪರಿಗೆಗೂ ಡ್ರಮ್ಮಿಗೂ ನಡುವಿನ ಹದಿನೈದು ಹೆಜ್ಜೆಯಲ್ಲಿ. ಗಂಜಿ ಆರಿದರೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಬಿಸಿಯಿರುವಾಗಲೇ ಸಾಗಿಸಬೇಕು. ಬಕೆಟ್ಟಿನಲ್ಲಿ ಹೊತ್ತು ಹೊಯ್ಯುತ್ತಿದ್ದರು. ಹಿಂದಿನ ವರ್ಷ ಓಬಕ್ಕನ ನೆಗೆಣ್ಣಿ ಜಾರಿಬಿದ್ದು ಎರಡೂ ಪಾದ ಸುಟ್ಟುಕೊಂಡಿದ್ದಳು. ಹೊರುವುದು ತಪ್ಪಲಿ ಎಂದು ಪಂಪು ಕೇಳಲು ಬಂದಿದ್ದಳು ಓಬಕ್ಕ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದನ್ನು ಕೌಂಟರಿನ ಮೇಲಿಟ್ಟಳು.

ನಾನು ಕೇಳಿದೆ: “ಎಷ್ಟು ಅಡಿ?”

“ಅಡಿ ಅಲ್ಲಣ್ಣ, ಹದಿನೈದು ಹೆಜ್ಜೆ. ಆದ್ರೆ ಇದು ನೀರಲ್ಲ, ಗಂಜಿ.”

ಆರುನೂರು ಅಡಿ ಆಳದಿಂದ ನೀರು ಎತ್ತಿಸಿದವನಿಗೆ ಹದಿನೈದು ಹೆಜ್ಜೆ! ನಾನು ನಕ್ಕೆನೆಂದು ಕಾಣುತ್ತದೆ. ಅರ್ಧ ಕುದುರೆಯೇ ಹೆಚ್ಚು, ಆದರೂ ಇರಲಿ ಎಂದು ಒಂದು ಕುದುರೆಯ ಮೋನೋಬ್ಲಾಕ್ ಪಂಪು ಕೊಟ್ಟೆ. ಜೋಡಿಸಲು ನಾನೇ ಬರುತ್ತೇನೆಂದೆ. ಅವಳು ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಹೋದಳು.

ಮೊದಲನೆಯ ಪಂಪಿನ ಕತೆ ಚಿಕ್ಕದು. ಸ್ವಿಚ್ ಹಾಕಿದೆ, ಮೋಟರು ತಿರುಗಿತು, ಗಂಜಿ ಬರಲಿಲ್ಲ. ಪೈಪಿನ ತುದಿಯಲ್ಲಿ ಡ್ರಮ್ಮು ಹಿಡಿದು ನಿಂತಿದ್ದ ಹೆಂಗಸರು ಹತ್ತು ನಿಮಿಷ ಅದರ ಬಾಯಿ ನೋಡಿದರು. ಪಂಪಿನ ಒಳಗಿದ್ದಷ್ಟು ಗಂಜಿ ಅಲ್ಲೇ ಗಿರಗಿರ ಸುತ್ತಿ, ಕಾದು, ಬೆಂದು, ಕಲ್ಲಾಯಿತು. ಬಿಚ್ಚಿ ನೋಡಿದಾಗ ರೆಕ್ಕೆಗಳ ನಡುವೆ ಕಡುಗಂದು ಬಣ್ಣದ ಉಂಡೆಯೊಂದು ಕೂತಿತ್ತು. ಉಳಿಯಿಂದ ಕೆತ್ತಿ ತೆಗೆದೆ. ಶಕ್ತಿ ಸಾಲದು ಎಂದು ತೀರ್ಪು ಕೊಟ್ಟೆ. ಪಂಪು ಮಾರುವವರಿಗೆ ಗೊತ್ತಿರುವ ರೋಗ ಅದೊಂದೇ.

ಎರಡನೆಯದು ಮೂರು ಕುದುರೆಯದು. ಜೊತೆಗೆ, ಗಂಜಿಗೆ ಒಂದೆರಡು ಕೊಡ ನೀರು ಬೆರೆಸಿ ಎಂದು ಸಲಹೆ ಕೊಟ್ಟೆ. ನೀರು ಬೆರೆಸಿದ ಗಂಜಿ ಹಚ್ಚಿದರೆ ಎಳೆ ನಿಲ್ಲುವುದಿಲ್ಲ, ನೇಕಾರರು ಡ್ರಮ್ಮು ವಾಪಸು ಕಳಿಸುತ್ತಾರೆ ಎಂದು ಓಬಕ್ಕ ಹೇಳಿದಳು. ಇವತ್ತೊಂದು ದಿನ ಪರೀಕ್ಷೆಗೆ ಎಂದು ನಾನು ಒಪ್ಪಿಸಿದೆ. ಈ ಸಲ ಗಂಜಿ ಬಂತು. ಒಂದು ಡ್ರಮ್ಮು ತುಂಬಿತು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ. ಎರಡನೆಯ ಡ್ರಮ್ಮಿಗೆ ಪೈಪು ಬದಲಾಯಿಸಲು ಪಂಪು ನಿಲ್ಲಿಸಿ, ಯಾರೋ ಚಹಾ ಕೊಟ್ಟರೆಂದು ಕುಡಿದು, ಮತ್ತೆ ಸ್ವಿಚ್ ಹಾಕಿದೆ. ಅಷ್ಟರಲ್ಲಿ ಪೈಪಿನ ತುದಿಯಲ್ಲಿದ್ದ ಗಂಜಿ ಆರಿ ಗಟ್ಟಿಯಾಗಿತ್ತು. ಒಳಗಿನದಕ್ಕೆ ಹೋಗಲು ದಾರಿಯಿಲ್ಲ, ಹಿಂದೆ ಮೂರು ಕುದುರೆ. ಪಂಪಿನ ಬಾಯಿಗೆ ಪೈಪು ಬಿಗಿದಿದ್ದ ಕ್ಲಿಪ್ಪು ಕಿತ್ತುಕೊಂಡಿತು. ಪಕ್ಕದಲ್ಲಿ ಓಬಕ್ಕ ನಿಂತಿದ್ದಳು.

ಬಿಸಿ ನೀರಾಗಿದ್ದರೆ ಹರಿದುಹೋಗುತ್ತಿತ್ತು. ಗಂಜಿ ಅಂಟಿಕೊಂಡಿತು. ಬಲಗೈ, ಮಣಿಕಟ್ಟಿನಿಂದ ಮೊಳಕೈವರೆಗೆ. ಅವಳು ನೀರಿನ ತೊಟ್ಟಿಗೆ ಕೈ ಅದ್ದಿ ಅಲ್ಲೇ ಕೂತುಬಿಟ್ಟಳು. ಗಂಜಿ ಸಾಗಿಸುವ ಟೆಂಪೋದಲ್ಲೇ ಅವಳನ್ನು ಮೊಳಕಾಲ್ಮುರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಕ್ಲಿಪ್ಪು ಹಳೆಯದಿತ್ತು, ಕ್ಲಿಪ್ಪು ಬದಲಾಯಿಸಬೇಕಿತ್ತು ಎಂದು ನಾನು ಹೇಳುತ್ತಲೇ ಇದ್ದೆನಂತೆ. ಡ್ರೈವರು ಆಮೇಲೆ ಹೇಳಿದ.

ಕಟ್ಟು ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ ಓಬಕ್ಕ ನನ್ನ ಕಡೆ ತಿರುಗಿದಳು. ಕೋಪವೇನೂ ಇರಲಿಲ್ಲ.

“ಮೊದಲ್ನೇ ದಿನ ಡಬ್ಬೀಲಿ ಗಂಜಿ ತಂದಿದ್ದೆ, ಅಣ್ಣ. ನೀವು ಮುಚ್ಚಳ ತಗೀಲಿಲ್ಲ.”

ಕ್ಲಿಪ್ಪಿನ ಮಾತನ್ನು ನಾನು ಅಲ್ಲಿಗೆ ಬಿಟ್ಟೆ.

ಅಂಗಡಿಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಮಾಲೀಕರು ಬಹಳ ಹೊತ್ತು ಯೋಚಿಸಿ, ಅವರು ಪಂಪು ಕೇಳಿದರು, ನಾವು ಪಂಪು ಕೊಟ್ಟೆವು, ಇದರಲ್ಲಿ ನಮ್ಮದೇನಿದೆ ಎಂದರು. ಅವರು ಕೆಟ್ಟವರಲ್ಲ. ಹದಿನೆಂಟು ವರ್ಷ ನನ್ನ ಲೆಕ್ಕಾಚಾರವೂ ಅದೇ ಆಗಿತ್ತು. ಆದರೆ ಅಂದು ಆ ಮಾತು ಕೇಳಲು ಚೆನ್ನಾಗಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ ಕೆಲಸವಲ್ಲ. ಓಬಕ್ಕನ ಕೈ ವಾಸಿಯಾಗುವ ತನಕ ಗಂಜಿ ಹೊರಲು ಒಂದು ಆಳು ಕಡಿಮೆ ಎಂದು ತಿಳಿಯಿತು. ಮರುದಿನ ಬೆಳಗಿನ ಜಾವ ಬೈಕು ಹತ್ತಿ ಗಂಜಿ ಮನೆಗೆ ಹೋಗಿ, ನಾನು ಹೊರುತ್ತೇನೆ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೆಲುಗಿನಲ್ಲಿ ಏನೋ ಮಾತಾಡಿಕೊಂಡರು. ನನಗೆ ತೆಲುಗು ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಏನು ಮಾತಾಡಿಕೊಂಡರೆಂದು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಕಟ್ಟು ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಓಬಕ್ಕನೇ ಹೇಳಿದಳು:

“ಅಣ್ಣಗೆ ಸಣ್ಣ ಬಕೀಟು ಕೊಡ್ರಿ.”

ನಲವತ್ತು ದಿನ ಹೊತ್ತೆ. ಬೆಳಕು ಹರಿಯುವ ಹೊತ್ತಿಗೆ ಆರಂಭಿಸಿ ಒಂಬತ್ತಕ್ಕೆ ಮುಗಿಸಿ, ಗಂಜಿ ಮೆತ್ತಿದ ಅಂಗಿಯಲ್ಲೇ ಅಂಗಡಿಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಗಿ ಒಣಗಿ ತಗಡಿನಂತಾಗುತ್ತಿತ್ತು. ಬಿಚ್ಚಿಟ್ಟರೆ ಅದರಷ್ಟಕ್ಕೆ ಅದೇ ನಿಲ್ಲುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಹುಣಸೆ ಬೀಜದ ವಾಸನೆಗೆ ಅವಳು ಕಿಟಕಿ ಮುಚ್ಚುವುದು ಆಗಿನಿಂದಲೇ.

ಪಂಪಿನಲ್ಲಿ ಹದಿನೆಂಟು ವರ್ಷ ಕಲಿಯದ್ದನ್ನು ಆ ಸಣ್ಣ ಬಕೆಟ್ಟಿನಲ್ಲಿ ಕಲಿತೆ. ಒಲೆಯ ಹತ್ತಿರ ಗಂಜಿ ತಿಳಿಸಾರಿನ ಹಾಗೆ ಹರಿಯುತ್ತದೆ. ಹದಿನೈದನೆಯ ಹೆಜ್ಜೆಗೆ ಬರುವಾಗ ಪಾಯಸದಷ್ಟಾಗಿರುತ್ತದೆ. ಚಳಿಗಾಳಿ ಬೀಸಿದ ದಿನ ಹತ್ತನೆಯ ಹೆಜ್ಜೆಗೇ ಪಾಯಸ. ಬಕೆಟ್ಟು ಬೋರಲು ಹಾಕಿ ಕುಲುಕಿದರೆ ಅದು ಬೀಳುವುದಿಲ್ಲ, ಸುಮ್ಮನೆ ಓರೆಯಾಗಿ ಹಿಡಿದು ಕಾದರೆ ತಾನಾಗಿ ಜಾರುತ್ತದೆ. ಕೋಲು ಹಾಕಿ ಜೋರಾಗಿ ತಿರುಗಿಸಿದರೆ ನೊರೆಯೆದ್ದು ಅಂಟು ಸಾಯುತ್ತದೆ. ಇನ್ನೊಂದು ಸಂಗತಿ ನನ್ನ ಕೈಗಳು ಹೇಳಿದವು. ಬೆರಳ ಸಂದಿಯೆಲ್ಲ ಉಪ್ಪುಕಾಗದ ಉಜ್ಜಿದಂತೆ ಕೆಂಪಾಗಿತ್ತು. ಬೀಜವನ್ನು ಮರಳಿನಲ್ಲಿ ಹುರಿಯುತ್ತಾರೆ. ಎಷ್ಟು ಜರಡಿ ಹಿಡಿದರೂ ಸಣ್ಣ ಮರಳು ಸ್ವಲ್ಪ ಉಳಿದು ಗಂಜಿಯೊಳಗೆ ಸೇರುತ್ತದೆ. ಕಣ್ಣಿಗೆ ಕಾಣದು, ಚರ್ಮಕ್ಕೆ ಗೊತ್ತಾಗುತ್ತದೆ.

ಮೂರನೆಯ ವಾರ, ಒಂದು ಡಬ್ಬಿ ಗಂಜಿ ತೆಗೆದುಕೊಂಡು ಚಳ್ಳಕೆರೆಯ ಹಳೆಯ ಎಣ್ಣೆ ಮಿಲ್ಲೊಂದರ ಫಿಟ್ಟರ್ ಖಾದರ್ ಸಾಬರ ಹತ್ತಿರ ಹೋದೆ. ಕಡಲೆಕಾಯಿ ಎಣ್ಣೆ ಸೋಸಿದ ಮೇಲೆ ತಳದಲ್ಲಿ ಉಳಿಯುವ ಮಡ್ಡಿ ಇದೆಯಲ್ಲ, ಅದನ್ನು ಪಂಪಿನಲ್ಲಿ ಸಾಗಿಸಿ ಸಾಗಿಸಿ ತಲೆ ನರೆಸಿಕೊಂಡವರು ಅವರು. ನಮ್ಮ ಅಂಗಡಿಯ ಮುಂದೆ ದಿನವೂ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಪಂಪಿನ ವಿಷಯ ಅವರನ್ನು ಕೇಳಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಪಂಪು ಮಾರುವವನು ನಾನಲ್ಲವೆ!

ಅವರು ನಾನು ಕೂರುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದರು. ಮೂಸಿದರು. ಸೌಟಿನಲ್ಲಿ ಎತ್ತಿ, ಎಳೆ ಎಷ್ಟು ಉದ್ದ ಬಂದು ಹರಿಯುತ್ತದೆ ಎಂದು ನೋಡಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರು. ಆಮೇಲೆ ಒಂದಿಷ್ಟು ಬಾಯಿಗೆ ಹಾಕಿಕೊಂಡು, ಮುಂದಿನ ಹಲ್ಲುಗಳಿಂದ ಮೆಲ್ಲಗೆ ಕಡಿದು, ಕಣ್ಣು ಮುಚ್ಚಿ ಕಿವಿಗೊಟ್ಟರು.

“ಉಪ್ಪಿಲ್ಲ,” ಎಂದರು. ಇನ್ನೊಮ್ಮೆ ಕಡಿದು, “ಮರಳೈತೆ.”

ನಾನು ಎರಡು ಪಂಪುಗಳ ಕತೆ ಹೇಳಿದೆ, ಓಬಕ್ಕನ ಕೈಯ ಕತೆಯನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ನಿಮ್ ಪಂಪು ಎಸೀತೈತೆ ಸಾಹೇಬ್ರೆ. ನೀರು ಎಸ್ಯೋ ಮಾಲು, ಎಸುದ್ರೆ ಹೋಗ್ತೈತೆ. ಇದು ನೂಕೋ ಮಾಲು. ಆಹಿಸ್ತಾ, ನಿಧಾನಕ್ಕೆ ನೂಕ್ಬೇಕು.”

ನೂಕುವ ಪಂಪುಗಳಲ್ಲಿ ಎರಡು ಜಾತಿ ಎಂದು ಅವರು ತೋರಿಸಿದರು. ಒಂದರಲ್ಲಿ ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ತಿಳಿಯಾದ ಎಣ್ಣೆಗೆ ಅದು ಬರಾಬರ್. ಆದರೆ ಮರಳು ಅಗಿದರೆ ಅದರ ಹಲ್ಲೂ ಸವೆಯುತ್ತದೆ, ಮನುಷ್ಯರ ಹಲ್ಲಿನಂತೆಯೇ. ಮಡ್ಡಿಗೆ ಅವರು ಇಟ್ಟಿದ್ದು ಇನ್ನೊಂದು. ರಬ್ಬರಿನ ಕೊಳವೆಯೊಳಗೆ ಉಕ್ಕಿನ ಉದ್ದನೆಯ ಸುರುಳಿ. ಸುರುಳಿ ನಿಧಾನವಾಗಿ ತಿರುಗಿದಂತೆ ಮಾಲು ಮುಂದೆ ಮುಂದೆ ಸರಿಯುತ್ತದೆ. ಸ್ಕ್ರೂ ಪಂಪು. ಶಾವಿಗೆ ಒತ್ತುವುದನ್ನು ನೋಡಿಲ್ಲವೆ ಎಂದು ಅವರು ಕೇಳಿದರು. ನೋಡಿದ್ದೆ. ನಮ್ಮ ಕ್ಯಾಟಲಾಗಿನ ಹಿಂದಿನ ಪುಟದಲ್ಲಿ ಅದರ ಚಿತ್ರವನ್ನೂ ನೋಡಿದ್ದೆ. ಆ ಪುಟವನ್ನು ಹರಿದು ನಾನು ಪಕೋಡ ಕಟ್ಟಿಸಿಕೊಂಡದ್ದು ನೆನಪಿದೆ.

ಆ ಪಂಪಿಗೂ ಕಟ್ಟಳೆಗಳಿದ್ದವು. ಒಣಗಿದ್ದಾಗ ಓಡಿಸಬಾರದು, ರಬ್ಬರು ಸುಟ್ಟುಹೋಗುತ್ತದೆ. ಕೊಪ್ಪರಿಗೆಗಿಂತ ಕೆಳಗೆ ಕೂರಿಸಬೇಕು, ಗಂಜಿ ತಾನಾಗಿ ಇಳಿದು ಬರಬೇಕು. ಒಳಗೆ ಬರುವ ಪೈಪು ಗಿಡ್ಡ ಇರಬೇಕು, ದಪ್ಪ ಇರಬೇಕು. ಮುಂದೆ ದಾರಿ ಕಟ್ಟಿದರೆ ಗಂಜಿ ಕೊಪ್ಪರಿಗೆಗೇ ವಾಪಸು ಬೀಳುವಂತೆ ಒಂದು ಪಕ್ಕದ ಪೈಪು ಇಡಲೇಬೇಕು. ಇದನ್ನು ಹೇಳುವಾಗ ಖಾದರ್ ಸಾಬರು ನನ್ನ ಮುಖ ನೋಡಲಿಲ್ಲ. ಕೊನೆಯದು ಮರಳಿನದು. ಸುರುಳಿ ಸ್ವಲ್ಪ ಮರಳನ್ನು ತಾಳಿಕೊಳ್ಳುತ್ತದೆ, ಹೆಚ್ಚಾದರೆ ರಬ್ಬರನ್ನು ತಿನ್ನುತ್ತದೆ. ಹುರಿಯುವುದಕ್ಕೆ ಮರಳು ಬಿಡಿಸಿ ಎಂದರು.

ಗಂಜಿ ಮನೆಯಲ್ಲಿ ಈ ಮಾತು ಯಾರಿಗೂ ಹಿಡಿಸಲಿಲ್ಲ. ಮರಳಿಲ್ಲದೆ ಹುರಿದು ನೋಡಿದರು. ಅರ್ಧ ಬೀಜ ಕರಕಲು, ಅರ್ಧ ಹಸಿ. ಎರಡು ದಿನ ಗಂಜಿ ಕಪ್ಪಾಯಿತು. ಹಳೆಯ ನಾನಾಗಿದ್ದರೆ, ಕಂಬಳಿಯೂ ಕಪ್ಪೇ ಅಲ್ಲವೆ ಎಂದು ವಾದಿಸುತ್ತಿದ್ದೆ. ಮೂರನೆಯ ದಿನ ಓಬಕ್ಕ ನಾವ್ಯಾರೂ ಯೋಚಿಸದ ಒಂದು ಮಾತು ಹೇಳಿದಳು. ಹುರಿದ ಬೀಜದ ಸಿಪ್ಪೆ ತೆಗೆದು ಹೇಗಿದ್ದರೂ ನೀರಿನಲ್ಲಿ ನೆನೆಹಾಕುತ್ತೇವೆ. ಆಗಲೇ ಅಕ್ಕಿ ಜಾಲಿಸಿದ ಹಾಗೆ ಜಾಲಿಸಿದರೆ ಮರಳು ತಳಕ್ಕೆ ನಿಲ್ಲುತ್ತದೆ, ಬೀಜ ಮೇಲಿಂದ ಬಾಚಿಕೊಳ್ಳಬಹುದು. ಅನ್ನದಲ್ಲಿ ಕಲ್ಲು ಸಿಕ್ಕರೆ ಗಂಡಂದಿರು ಮಾತಾಡುತ್ತಾರೆಂದು ದಿನವೂ ಮಾಡುವ ಕೆಲಸವನ್ನು ಪಂಪಿಗೂ ಮಾಡಿದರಾಯಿತು ಎಂದಳು. ಅವತ್ತೇ ಜಾಲಿಸಿದರು. ಮರುದಿನದ ಗಂಜಿಯನ್ನು ನಾನು ಖಾದರ್ ಸಾಬರಿಗೆ ಒಯ್ದು ಕೊಟ್ಟೆ. ಕಡಿದು ನೋಡಿ, ನಡೀತೈತೆ ಎಂದರು.

ರಾಂಪುರದ ಆಚೆ ಮುಚ್ಚಿಹೋಗಿದ್ದ ಸೋಪಿನ ಕಾರ್ಖಾನೆಯೊಂದರಲ್ಲಿ ಒಂದು ಸ್ಕ್ರೂ ಪಂಪು ಇರುವುದನ್ನು ಅವರೇ ಪತ್ತೆಮಾಡಿದರು. ಅದಕ್ಕೆ ಬಿಸಿ ತಡೆಯುವ ಹೊಸ ರಬ್ಬರು ಹಾಕಿಸಿದೆವು. ವೇಗ ಇಳಿಸಲು ದೊಡ್ಡ ಪುಲಿಯೊಂದನ್ನು ಜೋಡಿಸಿದರು. ಕೊಪ್ಪರಿಗೆಯ ಪಕ್ಕದ ನೆಲ ಅಗೆದು ಗುಂಡಿ ಮಾಡಿ ಪಂಪು ಕೂರಿಸಿದೆವು. ಮೊದಲು ಬಿಸಿ ನೀರು ತುಂಬಿ ಪೈಪನ್ನೆಲ್ಲ ಕಾಯಿಸಿದೆವು. ಕ್ಲಿಪ್ಪುಗಳನ್ನು ನಾನು ಒಂದೊಂದು ಕಡೆ ಎರಡೆರಡು ಹಾಕಿದ್ದೆ.

ಸ್ವಿಚ್ ಹಾಕುವ ದಿನ ಹೆಂಗಸರೆಲ್ಲ ದೂರದ ಗೋಡೆಗೆ ಆತು ನಿಂತರು. ಪೈಪಿನ ಹತ್ತಿರ ನಾನು ನಿಂತೆ. ನೀನು ಹೊರಗಿರಕ್ಕ ಎಂದು ಓಬಕ್ಕನಿಗೆ ಹೇಳಿದೆ. ಅವಳ ಕೈಯ ಕಟ್ಟು ಬಿಚ್ಚಿ ಆಗಿನ್ನೂ ನಾಲ್ಕು ದಿನ. ಅವಳು ಹೊರಗೆ ಹೋಗಲಿಲ್ಲ. ಬಂದು, ಹಿಂದೆ ಎಲ್ಲಿ ನಿಂತಿದ್ದಳೋ ಅಲ್ಲೇ ನನ್ನ ಪಕ್ಕಕ್ಕೆ ನಿಂತಳು. ನಾನು ಕ್ಲಿಪ್ಪುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ.

ಬೆಲ್ಟು ತಿರುಗಿತು. ಸದ್ದೇ ಇಲ್ಲ, ಯಾರೋ ಮುದುಕರು ಗಂಟಲು ಸರಿಮಾಡಿಕೊಂಡಷ್ಟು ಸದ್ದು. ಏನೂ ಬರಲಿಲ್ಲ. ಇನ್ನೂ ಏನೂ ಬರಲಿಲ್ಲ. ನಾನು ಖಾದರ್ ಸಾಬರ ಕಡೆ ನೋಡಿದೆ. ಅವರು ಬೀಡಿ ಹಚ್ಚುತ್ತಿದ್ದರು. ಆಮೇಲೆ ಪೈಪಿನ ತುದಿಯಲ್ಲಿ ಗಂಜಿ ಕಾಣಿಸಿಕೊಂಡಿತು. ಚಿಮ್ಮಲಿಲ್ಲ, ಸಿಡಿಯಲಿಲ್ಲ. ಮುಂಗೈ ಗಾತ್ರದ ಹಗ್ಗದ ಹಾಗೆ ಇಳಿದು, ಡ್ರಮ್ಮಿನ ತಳದಲ್ಲಿ ಸಿಂಬಿ ಸುತ್ತಿಕೊಂಡು, ಸಾವಕಾಶವಾಗಿ ಮೇಲೇರತೊಡಗಿತು. ಒಂದು ಡ್ರಮ್ಮು ತುಂಬಿತು. ಎರಡನೆಯದೂ ತುಂಬಿತು. ಕೊನೆಗೆ ಎಲ್ಲ ಡ್ರಮ್ಮುಗಳೂ ತುಂಬಿದವು. ಓಬಕ್ಕ ಕೊನೆಯ ಡ್ರಮ್ಮಿನಿಂದ ಎಡಗೈಯಲ್ಲಿ ಸ್ವಲ್ಪ ತೆಗೆದು, ಆರಿಸಿ, ಬೆರಳ ನಡುವೆ ಎಳೆದು ನೋಡಿದಳು. ಅಂಟು ಸತ್ತಿರಲಿಲ್ಲ.

“ಎಳೆ ಬರ್ತೈತೆ,” ಎಂದಳು.

ಅಷ್ಟೇ. ನೆಗೆಣ್ಣಿ ಚಹಾ ಕಾಯಿಸಲು ಹೋದಳು. ಮರುದಿನದಿಂದ ನಾನು ಹೋಗುವ ಅಗತ್ಯವಿರಲಿಲ್ಲ. ಆದರೂ ಬೆಳಗಿನ ಜಾವ ಎಚ್ಚರವಾಗುತ್ತಿತ್ತು. ಎದ್ದು ಕೂತು, ಎಲ್ಲಿಗೆ ಹೋಗಬೇಕೆಂದು ಸ್ವಲ್ಪ ಹೊತ್ತು ಗೊತ್ತಾಗದೆ, ಮತ್ತೆ ಮಲಗುತ್ತಿದ್ದೆ. ಮಾಲೀಕರು ಅಂಗಡಿಯ ಮುಂದೆ ‘ಗಂಜಿ ಪಂಪು ಸಿಗುತ್ತದೆ’ ಎಂದು ಬೋರ್ಡು ಬರೆಸಿದರು. ಅದನ್ನು ಕೇಳಿಕೊಂಡು ಇಂದಿನವರೆಗೆ ಒಬ್ಬರೂ ಬಂದಿಲ್ಲ.

ಇಷ್ಟೆಲ್ಲ ಜಗಲಿಯ ಮೇಲೆ ಕೂತು ನೆನೆದದ್ದು. ಮರುದಿನ ಅಂಗಡಿಗೆ ರಜೆ ಹೇಳಿ ಮೊಳಕಾಲ್ಮುರಿನ ಬಸ್ಸು ಹತ್ತಿದೆ.

ಗಂಜಿ ಮನೆಗೆ ಈಗ ಹೊಸ ತಗಡು ಬಂದಿದೆ, ಕೊಪ್ಪರಿಗೆ ಎರಡಾಗಿವೆ. ಪಂಪು ಅದೇ, ರಬ್ಬರು ಐದನೆಯದು. ಓಬಕ್ಕನ ತಲೆ ಅರ್ಧ ನರೆತಿದೆ. ಸುಟ್ಟ ಕೈಯ ಚರ್ಮ ನುಣ್ಣಗೆ ಹೊಳೆಯುತ್ತದೆ. ಅದೊಂದು ಕಡೆ ಉಣ್ಣೆ ಚುಚ್ಚುವುದು ಗೊತ್ತಾಗುವುದಿಲ್ಲ, ಆದರೆ ಚಳಿಗಾಲದಲ್ಲಿ ಬಿಗಿಯುತ್ತದೆ ಎಂದಳು. ನಾನು ಆ ಕೈಯನ್ನು ನೋಡದೆ ಮಾತಾಡಲು ನೋಡಿದೆ. ಅವಳು ಅದೇ ಕೈಯಲ್ಲಿ ಚಹಾ ಕೊಟ್ಟಳು.

ಅಂದು ಯಾವುದೋ ಕಾಲೇಜಿನಿಂದ ಹತ್ತು ಹನ್ನೆರಡು ಹುಡುಗಿಯರು ಕಂಬಳಿಯ ಕೆಲಸ ನೋಡಲು ಬಂದಿದ್ದರು. ಓಬಕ್ಕ ಅವರಿಗೆ ಕೊಪ್ಪರಿಗೆ ತೋರಿಸಿದಳು, ಜಾಲಿಸುವ ತೊಟ್ಟಿ ತೋರಿಸಿದಳು, ಗುಂಡಿಯಲ್ಲಿ ಕೂತಿದ್ದ ಪಂಪು ತೋರಿಸಿದಳು. ಒಬ್ಬಳು ನನ್ನ ಕಡೆ ನೋಡಿ, ಇವರು ಯಾರು ಎಂದು ಕೇಳಿದಳು. ಪಂಪು ಕೊಟ್ಟವರು ಎನ್ನುತ್ತಾಳೆ ಎಂದುಕೊಂಡು ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

“ಇವ್ರು ನಮ್ಮೋರೇ,” ಎಂದಳು ಓಬಕ್ಕ. “ನಮ್ಮತ್ರ ಗಂಜಿ ಹೊರ್ತಿದ್ರು.”

ನಾನು ಕಾಲರು ಬಿಟ್ಟು ಚಹಾದ ಲೋಟ ಎತ್ತಿಕೊಂಡೆ. ಆ ಹುಡುಗಿ ನೋಟ್‌ಬುಕ್ಕು ತೆರೆದು, ಈಗ ಯಾಕೆ ಹೊರುವುದಿಲ್ಲ ಸರ್ ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

“ಪಂಪು ಬಂತಮ್ಮ,” ಎಂದೆ. “ಕೆಲಸ ಹೋಯ್ತು.”

ಅವಳ ಮುಖ ಸಣ್ಣಗಾಯಿತು. ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬಗ್ಗಿ ನೋಡಿದೆ: ‘ಯಂತ್ರದಿಂದ ಕೆಲಸ ಕಳೆದುಕೊಂಡವರು: ಒಬ್ಬರು.’ ಓಬಕ್ಕನೂ ಕೇಳಿಸಿಕೊಂಡಿದ್ದಳು, ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ನಾನು ಅದನ್ನು ತಿದ್ದಲು ಹೋಗಲಿಲ್ಲ.